ಸಿ. ಎಚ್. ಲಕ್ಷ್ಮಣಯ್ಯ

ಸಿ. ಎಚ್. ಲಕ್ಷ್ಮಣಯ್ಯ (1921–1993) ಕರ್ನಾಟಕದ ಕೃಷಿ ವಿಜ್ಞಾನಿ. 'ರಾಗಿ ಲಕ್ಷ್ಮಣಯ್ಯ' ಎಂದೇ ಪ್ರಸಿದ್ಧರು. ಮೈಸೂರು ಜಿಲ್ಲೆಯ ಹಾರೋಹಳ್ಳಿ ಇವರ ಹುಟ್ಟೂರು, ಮಂಡ್ಯದ ವಿ. ಸಿ. ಫಾರಂ ಕಾರ್ಯಕ್ಷೇತ್ರ.

ರಾಗಿಯ ಹೂವು ಅತಿ ಸಣ್ಣದು. ತನ್ನ ಪರಾಗದಿಂದಲೇ ಕಾಳುಕಟ್ಟುವುದರಿಂದ ಅದರ ಸಂಕರಣ ಬಹು ತಾಳ್ಮೆಯ ಕೆಲಸ. ಲಕ್ಷ್ಮಣಯ್ಯನವರು ಅರುಣ, ಉದಯ, ಅನ್ನಪೂರ್ಣ, ಕಾವೇರಿ ಮೊದಲಾದ ತಳಿಗಳನ್ನು ರೂಪಿಸಿದರು. ಬಳಿಕ ಭಾರತದ ರಾಗಿಯನ್ನು ದಪ್ಪ ತೆನೆಯ ಆಫ್ರಿಕಾದ ರಾಗಿಯೊಡನೆ ಸಂಕರಿಸಿ 'ಇಂಡಾಫ್' ತಳಿಗಳನ್ನು ಸೃಷ್ಟಿಸಿದರು. ಎರಡು ನೆಲಗಳ ಹೆಸರೂ ಆ ಪದದಲ್ಲಿ ಅಡಗಿದೆ.

ಭದ್ರಾ ನಾಲೆಯ ನೀರು ಹರಿದ ದಾವಣಗೆರೆ, ಹರಿಹರದ ಬಯಲುಗಳಲ್ಲಿ ಭತ್ತ ನೆಲೆಯೂರಿತು. ರಾಗಿ ಉಳಿದದ್ದು ಮಳೆಯಾಶ್ರಿತ ಹೊಲಗಳಲ್ಲಿ. ಇಳುವರಿ ಹೆಚ್ಚದಿದ್ದರೆ ಅಂಥ ಹೊಲಗಳಿಂದಲೂ ಅದು ಮರೆಯಾಗುವ ಅಪಾಯವಿತ್ತು. ಲಕ್ಷ್ಮಣಯ್ಯನವರ ಮುಂದಿದ್ದ ಪ್ರಶ್ನೆ ಹಸಿವಿನದು, ಬೊಜ್ಜಿನದಲ್ಲ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿನಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇದು 3 ಗ್ರಾಂಗೂ ಕಡಿಮೆ. ಜೀರ್ಣವಾಗದೆ ದೊಡ್ಡ ಕರುಳನ್ನು ತಲುಪುವ ನಾರಿನ ಒಂದು ಭಾಗವನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಕಿರುಸರಪಳಿಯ ಕೊಬ್ಬಿನಾಮ್ಲಗಳನ್ನು ಉತ್ಪಾದಿಸುತ್ತವೆ. ಇವು ಕರುಳಿನ ಒಳಪದರದ ಕೋಶಗಳಿಗೆ ಆಹಾರ. ಹಸಿವು ಮತ್ತು ರಕ್ತದ ಸಕ್ಕರೆಯ ನಿಯಂತ್ರಣದಲ್ಲೂ ಇವುಗಳ ಪಾತ್ರವಿದೆ. ನುಣ್ಣಗೆ ಬೀಸಿ ಜರಡಿ ಹಿಡಿದು ಹೊಟ್ಟು ತೆಗೆದ ಹಿಟ್ಟಿನಲ್ಲಿ ಈ ನಾರು ಕಡಿಮೆಯಾಗುತ್ತದೆ.