ನೀರಿನ ಲೆಕ್ಕ ಕಲಿಸಿದ ಸರ್ ಎಂ. ವಿಶ್ವೇಶ್ವರಯ್ಯ

ಮೇ ತಿಂಗಳು ಮುಗಿಯುತ್ತ ಬಂದಂತೆ ಮುಂಬಯಿ ನಿವಾಸಿಗಳಾದ ನಾವು ಪತ್ರಿಕೆಗಳಲ್ಲಿ ಮೊದಲು ಅರಸುವುದು ನಗರಕ್ಕೆ ನೀರುಣಿಸುವ ಏಳು ಜಲಾಶಯಗಳ ಮಟ್ಟವನ್ನು. 2024ರಲ್ಲಿ ಸಂಗ್ರಹ ಕುಸಿದಾಗ ಮೇ 30ರಿಂದ ಶೇ. 5ರಷ್ಟು, ಜೂನ್ 5ರಿಂದ ಶೇ. 10ರಷ್ಟು ನೀರು ಕಡಿತಗೊಂಡುದನ್ನು ನಾವು ಮರೆತಿಲ್ಲ. ಇರುವ ನೀರೆಷ್ಟು, ಬೇಕಾದುದೆಷ್ಟು, ಮಳೆ ಬರುವವರೆಗೆ ಹಂಚುವುದು ಹೇಗೆ? ಈ ಪ್ರಶ್ನೆಗಳಿಗೆ ಅಂದಿನ ಮುಂಬಯಿ ಪ್ರಾಂತದಲ್ಲೇ ಶತಮಾನಕ್ಕೂ ಹಿಂದೆ ಉತ್ತರ ಹುಡುಕಿದವರು ಕನ್ನಡಿಗರ ಹೆಮ್ಮೆಯ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಮನೆಪಾಠ ಹೇಳುತ್ತ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಗಳಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ನಾಸಿಕ, ಧುಳೆ, ಸಿಂಧ್‌ನ ಸುಕ್ಕೂರು, ಸೂರತ್, ಪುಣೆ ಹೀಗೆ ಸಾಗಿತು ಅವರ ಸೇವೆ.

ಪುಣೆಯ ಆಸುಪಾಸಿನಲ್ಲಿ ಅವರು ಕಂಡ ಸಮಸ್ಯೆ ಇಂದಿಗೂ ಪರಿಚಿತವೇ. ನೀರಾ ಕಾಲುವೆಯ ನೀರನ್ನು ಅನುಕೂಲಸ್ಥ ರೈತರು ಕಬ್ಬಿಗೆ ಯಥೇಚ್ಛವಾಗಿ ಹರಿಸಿಕೊಳ್ಳುತ್ತಿದ್ದರು. ಕಾಲುವೆಯ ಕೊನೆಯ ಹಳ್ಳಿಗಳಿಗೆ ದೊರೆಯುವುದು ಅಲ್ಪ. ಬರಗಾಲದ ಆ ದಿನಗಳಲ್ಲಿ, 1899ರ ಸುಮಾರಿಗೆ, ಅವರು 'ಬ್ಲಾಕ್ ಪದ್ಧತಿ'ಯನ್ನು ರೂಪಿಸಿದರು. ಲಭ್ಯ ನೀರಿಗೆ ತಕ್ಕಂತೆ ಪ್ರತಿ ಹಳ್ಳಿಯಲ್ಲೂ ಇಂತಿಷ್ಟು ಜಮೀನನ್ನು ಗೊತ್ತುಪಡಿಸುವುದು, ಅದರ ಒಂದು ಭಾಗದಲ್ಲಿ ಮಾತ್ರ ಕಬ್ಬು, ಉಳಿದುದರಲ್ಲಿ ಕಡಿಮೆ ನೀರು ಬೇಡುವ ಬೆಳೆ. ವರ್ಷದಿಂದ ವರ್ಷಕ್ಕೆ ಅವುಗಳ ಸರದಿ. ಕಬ್ಬು ಬೆಳೆಯುವವರು ಮೊದಲು ವಿರೋಧಿಸಿದರು. ವಿಶ್ವೇಶ್ವರಯ್ಯನವರು ಅವರ ನಡುವೆಯೇ ನಿಂತು ಲೆಕ್ಕ ಬಿಡಿಸಿ ತೋರಿಸಿದರು. ಕ್ರಮೇಣ ಪದ್ಧತಿ ನೆಲೆಯೂರಿತು.

ಖಡಕವಾಸ್ಲಾ ಜಲಾಶಯದ್ದು ಇನ್ನೊಂದು ಕಥೆ. ಮುಠಾ ನದಿಯ ಪ್ರವಾಹ ಪ್ರತಿ ಮಳೆಗಾಲದಲ್ಲಿ ಕೋಡಿ ಬಿದ್ದು ವ್ಯರ್ಥವಾಗುತ್ತಿತ್ತು, ಬೇಸಿಗೆಯಲ್ಲಿ ಕೊರತೆ. ಕಟ್ಟೆಯನ್ನೇ ಎತ್ತರಿಸುವ ಬದಲು ಅವರು ಕೋಡಿಯ ಮೇಲೆ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಅಳವಡಿಸಿದರು. ಸಂಗ್ರಹದ ಮಟ್ಟ ಸುಮಾರು 8 ಅಡಿ ಏರಿತು. ನೀರು ನಿಗದಿತ ಮಟ್ಟ ಮೀರಿದಾಗ ಬಾಗಿಲುಗಳು ತಾವೇ ತೆರೆದು, ಇಳಿದಾಗ ತಾವೇ ಮುಚ್ಚಿಕೊಳ್ಳುತ್ತಿದ್ದವು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದ ಮೇಲೂ ಇದೇ ದೃಷ್ಟಿ. ಬೇಸಿಗೆಯಲ್ಲಿ ಕಾವೇರಿ ಬಡವಾದರೆ ಶಿವನಸಮುದ್ರದ ವಿದ್ಯುತ್ತಿಗೂ ಕೊರತೆ, ಹೊಲಗಳಿಗೂ ಕೊರತೆ. ಮಳೆಗಾಲದ ಹರಿವನ್ನು ಬೇಸಿಗೆಗೆ ಕಾಪಿಡಲು 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. 1912ರಿಂದ 1918ರವರೆಗೆ ದಿವಾನರಾಗಿ ನಾಡನ್ನು ಕಟ್ಟಿದರು. 1955ರಲ್ಲಿ ಭಾರತರತ್ನ ಪುರಸ್ಕೃತರಾದ ಅವರು ನೂರರ ಗಡಿ ದಾಟಿ 1962ರ ಏಪ್ರಿಲ್‌ನಲ್ಲಿ ನಿಧನರಾದರು.

ಸೆಪ್ಟೆಂಬರ್ 15ರಂದು ಅವರ ಭಾವಚಿತ್ರಕ್ಕೆ ನಾವೆಲ್ಲ ಹಾರ ಹಾಕುತ್ತೇವೆ. ಆದರೆ ನಮ್ಮ ಕಟ್ಟಡದ ಟಾಂಕಿ ತುಂಬಿ ಹರಿಯುವಾಗ, ಅದೇ ಕೊಳವೆಯ ಕೊನೆಯಲ್ಲಿರುವ ಚಾಳಿನವರು ಕೊಡ ಹಿಡಿದು ಕಾಯುತ್ತಿರುವುದು ನಮಗೆ ನೆನಪಾಗುವುದು ಅಪರೂಪ. ಕಾಲುವೆಯ ತುದಿಯ ರೈತನನ್ನು ಲೆಕ್ಕದಿಂದ ಕೈಬಿಡದ ಆ ಹಿರಿಯರಿಗೆ, ನಲ್ಲಿಯನ್ನು ಸಮಯಕ್ಕೆ ನಿಲ್ಲಿಸುವುದೂ ನಾವು ಸಲ್ಲಿಸಬಹುದಾದ ಗೌರವವೇ ಸರಿ.