ಅಂಜಿದವರ ಗುರು ಚೆನ್ನಬಸವಣ್ಣನವರು

ಅಂಜಿದ ಮನದಲ್ಲಿ ಅರಿವು ಬೇರೂರದು. ಶಿಷ್ಯನ ಅಳುಕನ್ನು ಕಳೆದ ಬಳಿಕವೇ ಗುರುವಿನ ಬೋಧೆ ಫಲಿಸುವುದು. ಷಟ್‌ಸ್ಥಲ ಚಕ್ರವರ್ತಿ ಚೆನ್ನಬಸವಣ್ಣನವರ ಚರಿತ್ರೆಯು ಈ ಸತ್ಯಕ್ಕೆ ನಿದರ್ಶನವಾಗಿದೆ.

12ನೆಯ ಶತಮಾನದಲ್ಲಿ ಅಕ್ಕನಾಗಮ್ಮನವರ ಉದರದಲ್ಲಿ ಜನಿಸಿದ ಈ ಮಹಾತ್ಮರಿಗೆ ಬಸವಣ್ಣನವರು ಸೋದರಮಾವಂದಿರು. ತಾಯಿಯ ವಾತ್ಸಲ್ಯದಲ್ಲಿ, ಮಾವನವರ ನೆರಳಿನಲ್ಲಿ ಅವರು ಬೆಳೆದರು. ಕಲ್ಯಾಣದ ಮಹಾಮನೆಯಲ್ಲಿ ವಯಸ್ಸಿನಿಂದ ಯಾರನ್ನೂ ಅಳೆಯುತ್ತಿರಲಿಲ್ಲ. ಎಳೆಯನೆಂದು ಅವರ ಮಾತನ್ನು ತಳ್ಳಿಹಾಕುವುದಂತಿರಲಿ, ಸ್ವತಃ ಬಸವಣ್ಣನವರೇ ಸೋದರಳಿಯನ ಜ್ಞಾನಕ್ಕೆ ತಲೆಬಾಗಿದರೆಂಬುದು ವಚನಗಳಿಂದ ವಿದಿತವಾಗುತ್ತದೆ. ಹಿರಿಯರ ಈ ಆದರವೇ ಆ ಪ್ರತಿಭೆಗೆ ನೀರೆರೆಯಿತು. ಅಲ್ಲಮಪ್ರಭುದೇವರ ಅನಂತರ ಶೂನ್ಯಸಿಂಹಾಸನವು ಅವರಿಗೇ ಸಂದಿತು.

ತಾವು ಪಡೆದುದನ್ನೇ ಅವರು ಪರರಿಗೂ ನೀಡಿದರು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಗಳನ್ನು ಕಟ್ಟಿಸಿ ಲೋಕಮಾನ್ಯರಾದವರು. ಆದರೂ ಇಷ್ಟಲಿಂಗ ಧಾರಣೆಯ ವಿಷಯದಲ್ಲಿ ಸಂಶಯವುಳ್ಳವರಾಗಿದ್ದರು. ಚೆನ್ನಬಸವಣ್ಣನವರು ಆ ಸಂಶಯವನ್ನು ಹಳಿಯದೆ, ಅವಸರಪಡಿಸದೆ, ಒಂದೊಂದನ್ನಾಗಿ ಬಿಡಿಸಿ ದೀಕ್ಷೆಯನ್ನಿತ್ತರೆಂದು ಶೂನ್ಯಸಂಪಾದನೆಯ ಪರಂಪರೆಯು ಸಾರುತ್ತದೆ.

ನಿಜವಾದ ಪರೀಕ್ಷೆ ಬಂದೊದಗಿದುದು 1167ರ ಸುಮಾರಿಗೆ. ಹರಳಯ್ಯ ಮಧುವರಸರಿಗೆ ಘೋರ ಶಿಕ್ಷೆಯಾಯಿತು, ಬಿಜ್ಜಳನ ಕೊಲೆಯಾಯಿತು, ಕಲ್ಯಾಣವು ಹೊತ್ತಿ ಉರಿಯಿತು. ಮನೆಮಾರುಗಳನ್ನು ತೊರೆದು ನಡುಗುತ್ತಿದ್ದ ಶರಣಸಮೂಹಕ್ಕೆ ಆಗ ಬೇಕಾದುದು ಶಾಸ್ತ್ರಾರ್ಥವಲ್ಲ, ಜೊತೆಯಲ್ಲಿ ನಡೆಯುವ ಗುರು. ಚೆನ್ನಬಸವಣ್ಣನವರು ಅವರನ್ನು ಕರೆದುಕೊಂಡು ಪಶ್ಚಿಮಾಭಿಮುಖವಾಗಿ ಹೊರಟರು. ದಾರಿಯಲ್ಲಿ ಬಿಜ್ಜಳನ ಕಡೆಯ ಸೈನ್ಯವು ಬೆನ್ನಟ್ಟಿತು. ಮಲಪ್ರಭೆಯ ದಡದ ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯವರು, ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರು ಲಿಂಗೈಕ್ಯರಾದರೆಂದು ಆ ಊರುಗಳ ಪರಂಪರೆ ನೆನೆಯುತ್ತದೆ. ಅಗಲಿದವರ ದುಃಖವನ್ನೂ, ವಚನಗಳ ಕಟ್ಟುಗಳನ್ನೂ ಹೊತ್ತು ಉಳಿದವರು ಸಹ್ಯಾದ್ರಿಯ ದಟ್ಟಡವಿಯನ್ನು ಹೊಕ್ಕರು.

ಆ ಅಡವಿಯ ನಡುವಣ ಕ್ಷೇತ್ರವೇ ಈಗ ಜೋಯಿಡಾ ತಾಲ್ಲೂಕಿಗೆ ಸೇರಿದ ಉಳವಿ. ಅಲ್ಲಿಯ ಗವಿಗಳು ನೊಂದ ಶರಣರಿಗೆ ಮನೆಯಾದವು. ನಂಬಿದವರನ್ನು ನೆಲೆಗೆ ಮುಟ್ಟಿಸಿದ ತರುಣ ಗುರುಗಳು ಅಲ್ಲಿಯೇ ಐಕ್ಯರಾದರು. ಮಾಘಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಗಳ ಒಕ್ಕಲುಮಕ್ಕಳು ಇಂದಿಗೂ ಚಕ್ಕಡಿ ಹೂಡಿಕೊಂಡು ಆ ಸಮಾಧಿಯ ದರ್ಶನಕ್ಕೆ ಬರುತ್ತಾರೆ.

ಪಾಠಶಾಲೆಯ ಮೂಲೆಯಲ್ಲಿ ಮಂಕಾಗಿ ಕುಳಿತ ಮಗುವೂ ಒಂದು ಕಲ್ಯಾಣವನ್ನು ಕಳೆದುಕೊಂಡು ಬಂದಿರಬಹುದು: ಮನೆಯಲ್ಲಿ ಸಾವು, ಜಗಳ, ಬಡತನ. ಅದಕ್ಕೆ ಬೆತ್ತವನ್ನು ತೋರಿಸುವುದು ಗುರುತ್ವವಲ್ಲ. ಬಳಿಯಲ್ಲಿ ಕುಳಿತು, ಅದರ ಮಾತನ್ನು ಆಲಿಸಿ, ಅಂಜಿಕೆಯನ್ನು ಕಳೆದು, ಅನಂತರ ಅಕ್ಷರವನ್ನೀಯುವವನೇ ಉಳವಿಯ ಗುರುವಿನ ಹಾದಿಯಲ್ಲಿ ನಡೆದವನು.