ಆದಿತ್ಯವಾರ ಓಡದ ಓಟಗಾರ

ಆರು ದಿನ ದುಡಿದು ಏಳನೆಯ ದಿನವನ್ನು ದೇವರಿಗೆ ಮೀಸಲಿರಿಸಬೇಕೆಂಬ ವಿಧಿಯು, ಸೀನಾಯಿ ಬೆಟ್ಟದ ಮೇಲೆ ಮೋಶೆಗೆ ದೊರೆತವೆಂದು ಯೆಹೂದ್ಯರೂ ಕ್ರೈಸ್ತರೂ ನಂಬುವ ದಶಾಜ್ಞೆಗಳಲ್ಲೊಂದು. ಆ ವಿರಾಮವು ಮನೆಯ ಯಜಮಾನನಿಗೆ ಮಾತ್ರವಲ್ಲದೆ ಅವನ ಆಳುಕಾಳುಗಳಿಗೂ, ಅವನ ಊರಿನಲ್ಲಿ ತಂಗಿದ ಪರದೇಶಿಗೂ, ಕೊನೆಗೆ ಅವನ ಎತ್ತು ಕತ್ತೆಗಳಿಗೂ ಸಲ್ಲತಕ್ಕದ್ದೆಂದು ಅಲ್ಲಿ ಸ್ಪಷ್ಟವಾಗಿ ವಿಧಿಸಿದೆ. ಮಕ್ಕಳೇ, ಸೋಮವಾರ ಬಸವಣ್ಣನ ವಾರವೆಂದು ಎತ್ತಿನ ಹೆಗಲಿಗೆ ನೊಗವಿಡದ ರೈತರು ನಮ್ಮ ನಾಡಿನಲ್ಲಿ ಅನೇಕರುಂಟು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅಜ್ಜನನ್ನು ಕೇಳಿ ನೋಡಿರಿ. ದುಡಿಯುವ ಪಶುವಿಗೂ ಬಿಡುವಿನ ದಿನವೊಂದು ಬೇಕೆಂಬ ವಿವೇಕವು ಒಂದೇ ದೇಶದ, ಒಂದೇ ಮತದ ಸ್ವತ್ತಲ್ಲ.

ಯೆಹೂದ್ಯರು ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಇರುಳಿನವರೆಗೆ ಆಚರಿಸುವ ಈ ಸಬ್ಬತ್ ದಿನದ ಗೌರವವನ್ನು, ಏಸುಕ್ರಿಸ್ತನು ಮರಣವನ್ನು ಗೆದ್ದು ಎದ್ದುದು ಆದಿತ್ಯವಾರದ ಮುಂಜಾನೆಯೆಂಬ ಶ್ರದ್ಧೆಯಿಂದ, ಕ್ರೈಸ್ತರಲ್ಲಿ ಬಹುಮಂದಿ ಆದಿತ್ಯವಾರಕ್ಕೆ ಸಲ್ಲಿಸುತ್ತ ಬಂದರು. ಕ್ರಿ. ಶ. 321ರಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನು ಆ ದಿನ ನ್ಯಾಯಸ್ಥಾನಗಳೂ ಪಟ್ಟಣದ ಕಸುಬುಗಳೂ ನಿಲ್ಲತಕ್ಕದ್ದೆಂದು ಶಾಸನವನ್ನು ಹೊರಡಿಸಿದನು. ಬೇಸಾಯಗಾರರಿಗೆ ಮಾತ್ರ, ಹದ ತಪ್ಪೀತೆಂದು, ವಿನಾಯಿತಿ ಕೊಟ್ಟನು. ಈ ಆಚರಣೆಯನ್ನು ಅತ್ಯಂತ ಬಿಗಿಯಾಗಿ ಹಿಡಿದವರಲ್ಲಿ ಸ್ಕಾಟ್ಲೆಂಡಿನ ಜನ ಅಗ್ರಗಣ್ಯರು. ಅಲ್ಲಿನ ಆಚಾರವಂತರ ಮನೆಗಳಲ್ಲಿ ಆದಿತ್ಯವಾರದ ಅಡಿಗೆಯಲ್ಲಿ ಆದಷ್ಟನ್ನು ಶನಿವಾರವೇ ಮಾಡಿ ಮುಚ್ಚಿಡುತ್ತಿದ್ದರು. ಮಕ್ಕಳ ಆಟದ ಸಾಮಾನು ಕಪಾಟನ್ನು ಸೇರುತ್ತಿದ್ದಿತು. ಸೇಂಟ್ ಆಂಡ್ರೂಸ್ ಪಟ್ಟಣದ ಜಗತ್ಪ್ರಸಿದ್ಧವಾದ ಹಳೆಯ ಗಾಲ್ಫ್ ಮೈದಾನದಲ್ಲಿ, ದೊಡ್ಡ ಪಂದ್ಯಗಳ ಕಾಲವನ್ನು ಬಿಟ್ಟರೆ, ಇಂದಿಗೂ ಆದಿತ್ಯವಾರ ಆಟವಿಲ್ಲ. ಊರಿನವರು ನಾಯಿಗಳೊಡನೆ ಆ ಹುಲ್ಲಿನ ಮೇಲೆ ಅಡ್ಡಾಡುತ್ತಾರೆ. ಇಷ್ಟು ಬಿಗಿಯಾದ ಆಚಾರದಲ್ಲಿ ಒಣತನವೂ ಬೇಕಾದಷ್ಟಿದ್ದಿತೆಂಬುದನ್ನು ಮುಚ್ಚಿಡಲಾಗದು. ಎಳೆಯರಿಗೆ ಆ ದಿನವು ಬಹು ದೀರ್ಘವಾಗಿ ತೋರಿದ್ದರೆ ಆಶ್ಚರ್ಯವೇನು?

ಇಂತಹ ಸಂಸ್ಕಾರದಲ್ಲಿ ಬೆಳೆದವನು ಎರಿಕ್ ಲಿಡೆಲ್. ಅವನು ಹುಟ್ಟಿದುದು ಸ್ಕಾಟ್ಲೆಂಡಿನಲ್ಲಲ್ಲ, ಚೀನ ದೇಶದ ಟಿಯೆನ್‌ತ್ಸಿನ್ ನಗರದಲ್ಲಿ, 1902ರ ಜನವರಿ 16ರಂದು. ಅವನ ತಂದೆತಾಯಿಗಳನ್ನು ಅಲ್ಲಿಗೆ ಕಳುಹಿಸಿದ ಲಂಡನ್ ಮಿಷನರಿ ಸೊಸೈಟಿಯ ಹೆಸರು ಕನ್ನಡಿಗರಿಗೆ ಅಪರಿಚಿತವಾದುದಲ್ಲ. ಅದೇ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ನಮ್ಮ ಭಾಷೆಯನ್ನು ಕಲಿತು, ಬೈಬಲನ್ನು ಕನ್ನಡಕ್ಕೆ ತಂದನು. ಅವನ ಜೊತೆಗಾರನಾದ ವಿಲಿಯಂ ರೀವ್ ಕನ್ನಡಕ್ಕೆ ಮೊದಮೊದಲ ಅಚ್ಚಿನ ನಿಘಂಟುಗಳನ್ನು ರಚಿಸಿದನು. ನಿಮ್ಮಲ್ಲಿ ಹಲವರು ಹುಟ್ಟಿದ ದೇಶವೊಂದು, ಮನೆಯ ಭಾಷೆಯ ದೇಶ ಇನ್ನೊಂದು, ಲಿಡೆಲನೂ ಹಾಗೆಯೇ. ಆರನೆಯ ವಯಸ್ಸಿನಲ್ಲಿ ಅಣ್ಣನೊಡನೆ ಇಂಗ್ಲೆಂಡಿನ ವಸತಿಶಾಲೆಯೊಂದನ್ನು ಸೇರಿದ ಅವನು ಮುಂದೆ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವಿಜ್ಞಾನವನ್ನು ಓದುತ್ತ, ಸ್ಕಾಟ್ಲೆಂಡಿನ ಪರವಾಗಿ ರಗ್ಬಿಯನ್ನು ಆಡುತ್ತ, 1923ರ ವೇಳೆಗೆ ಬ್ರಿಟನ್ನಿನಲ್ಲೆಲ್ಲ ಅತಿ ವೇಗದ ಓಟಗಾರನೆಂದು ಹೆಸರಾದನು. ಆ ವರ್ಷ ಅವನು ನೂರು ಗಜವನ್ನು 9.7 ಸೆಕೆಂಡುಗಳಲ್ಲಿ ಓಡಿದ ಬ್ರಿಟಿಷ್ ದಾಖಲೆಯನ್ನು ಅನೇಕ ವರ್ಷಗಳವರೆಗೆ ಯಾರೂ ಮುರಿಯಲಿಲ್ಲ. ಅವನ ಓಟ ನೋಡುವುದಕ್ಕೆ ಅಂದವಾಗಿರಲಿಲ್ಲವಂತೆ: ತಲೆ ಹಿಂದಕ್ಕೆ ಬಾಗಿ, ಬಾಯಿ ಆಕಾಶಕ್ಕೆ ತೆರೆದು, ತೋಳುಗಳು ಗಾಳಿಯನ್ನು ಬಡಿಯುತ್ತಿದ್ದುವು.

1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನೂರು ಮೀಟರ್ ಓಟದ ಚಿನ್ನದ ಪದಕವು ಅವನಿಗೇ ಎಂದು ಜನ ಎಣಿಕೆ ಹಾಕಿದ್ದರು. ಆದರೆ ಆ ಓಟದ ಪ್ರಾಥಮಿಕ ಸುತ್ತುಗಳು ಜುಲೈ 6ರಂದು, ಆದಿತ್ಯವಾರ, ನಡೆಯತಕ್ಕದ್ದೆಂದು ವೇಳಾಪಟ್ಟಿ ಹೊರಬಿದ್ದಿತು; ತಾನು ಓಡುವುದಿಲ್ಲವೆಂದು ಲಿಡೆಲನು ತಿಳಿಸಿದನು. ಎರಡು ರಿಲೇ ಓಟಗಳಿಗೂ ಆದಿತ್ಯವಾರದ ತೊಡಕಿದ್ದುದರಿಂದ ಅವನ್ನೂ ಬಿಟ್ಟನು. ನಿಮ್ಮ ಮನೆಯವರು ನೋಡಿರಬಹುದಾದ 'ಚಾರಿಯಟ್ಸ್ ಆಫ್ ಫೈರ್' ಎಂಬ 1981ರ ಚಲನಚಿತ್ರದಲ್ಲಿ ಈ ಸಂಗತಿ ಅವನಿಗೆ ಹಡಗನ್ನೇರುವ ಹೊತ್ತಿನಲ್ಲಿ ತಿಳಿಯುತ್ತದೆ. ವಾಸ್ತವವಾಗಿ ತಿಂಗಳುಗಳ ಮುಂಚೆಯೇ ತಿಳಿದಿದ್ದಿತು. ಒಂದು ಗಳಿಗೆಯ ಆವೇಶದಲ್ಲಿ ಇಲ್ಲವೆನ್ನುವುದು ಸುಲಭ, ಚಳಿಗಾಲವೆಲ್ಲ ದೇಶದ್ರೋಹಿಯೆಂಬ ಟೀಕೆಯನ್ನು ಕೇಳಿಸಿಕೊಳ್ಳುತ್ತ ಅದೇ ಮಾತಿಗೆ ನಿಲ್ಲುವುದು ಸುಲಭವಲ್ಲವಾದುದರಿಂದ, ಚಿತ್ರಕ್ಕಿಂತ ಚರಿತ್ರೆಯೇ ನನಗೆ ಹೆಚ್ಚಿನದಾಗಿ ತೋರುತ್ತದೆ. ಇನ್ನೂ ಒಂದನ್ನು ಗಮನಿಸಿರಿ. ಆ ದಿನ ಓಡಿದವರನ್ನು ಅವನು ಹಳಿಯಲಿಲ್ಲ. ಪಂದ್ಯವನ್ನು ಬಹಿಷ್ಕರಿಸಿರೆಂದು ಯಾರಿಗೂ ಹೇಳಲಿಲ್ಲ. ನೂರು ಮೀಟರಿನ ಚಿನ್ನವು ಹೆರಾಲ್ಡ್ ಅಬ್ರಹಾಮ್ಸನ ಪಾಲಾಯಿತು.

ತನಗೆ ಅಷ್ಟಾಗಿ ಪಳಗದಿದ್ದ ನಾನೂರು ಮೀಟರಿಗೆ ಲಿಡೆಲನು ಸಿದ್ಧನಾದನು. ಇನ್ನೂರು ಮೀಟರಿನಲ್ಲಿ ಕಂಚನ್ನು ಗಳಿಸಿ, ಜುಲೈ 11ರ ಸಂಜೆ ಅಂತಿಮ ಓಟಕ್ಕೆ ಬಂದಾಗ ಅವನ ಪಾಲಿಗೆ ಸಿಕ್ಕಿದುದು ತೀರ ಹೊರ ಅಂಚಿನ ಪಥ. ಅಲ್ಲಿಂದ ಎದುರಾಳಿಗಳು ಕಣ್ಣಿಗೆ ಬೀಳುವಂತಿಲ್ಲ, ಯಾರು ಎಷ್ಟು ಹಿಂದಿರುವರೆಂದು ಎಣಿಸಿ ಓಡುವಂತಿಲ್ಲ. ದೇವರನ್ನು ಗೌರವಿಸುವವನನ್ನು ದೇವರೂ ಗೌರವಿಸುವನೆಂಬ ಅರ್ಥದ ಶಾಸ್ತ್ರವಚನವನ್ನು ಬರೆದ ಚೀಟಿಯೊಂದನ್ನು ತಂಡದ ಅಂಗಮರ್ದಕನು ಆ ದಿನ ಅವನ ಕೈಗಿತ್ತಿದ್ದನಂತೆ. ಶಕ್ತಿಯನ್ನು ಕೊನೆಗೆಂದು ಉಳಿಸಿಕೊಳ್ಳುವುದು ಆ ಓಟದ ಜಾಣತನವಾಗಿದ್ದರೂ ಅವನು ಮೊದಲ ಇನ್ನೂರು ಮೀಟರನ್ನೇ 22.2 ಸೆಕೆಂಡುಗಳಲ್ಲಿ ಮುಗಿಸಿದನು. ಬಿದ್ದೇಬಿಡುವನೆಂದು ನೋಡುವವರು ಅಂಜುತ್ತಿರಲು, ತಲೆಯನ್ನು ಹಿಂದಕ್ಕೆಸೆದು ಓಡಿ, 47.6 ಸೆಕೆಂಡುಗಳಲ್ಲಿ ಗುರಿ ಮುಟ್ಟಿದನು. ಎರಡನೆಯವನಾದ ಅಮೆರಿಕದ ಹೊರೇಶಿಯೋ ಫಿಚ್ ಬಂದುದು 0.8 ಸೆಕೆಂಡಿನ ಅನಂತರ. ಈ ಜಯವನ್ನು ಆದಿತ್ಯವಾರವನ್ನು ಪಾಲಿಸಿದುದಕ್ಕೆ ಸಂದ ಬಹುಮಾನವೆಂದು ವರ್ಣಿಸುವವರುಂಟು. ನನಗೆ ಅದು ಸಮ್ಮತವಲ್ಲ. ಅವನು ಅಂದು ಕೊನೆಯವನಾಗಿ ಬಂದಿದ್ದರೂ ಆ ನಿರ್ಧಾರದ ತೂಕ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುತ್ತಿರಲಿಲ್ಲ.

ಮರುವರ್ಷವೇ ಅವನು ಕೀರ್ತಿಯನ್ನೆಲ್ಲ ಹಿಂದೆ ಬಿಟ್ಟು, ಹುಟ್ಟಿದ ಊರಿನ ಕಾಲೇಜಿಗೆ ಉಪಾಧ್ಯಾಯನಾಗಿ ಹೊರಟನು. ಮುಂದೆ ಧರ್ಮೋಪದೇಶಕನಾಗಿ, ಜಪಾನೀಯರು ಹೂಡಿದ ಯುದ್ಧದಿಂದ ಜರ್ಜರಿತವಾದ ಹಳ್ಳಿಗಳಲ್ಲಿ ಸೈಕಲ್ಲಿನ ಮೇಲೆ ತಿರುಗಿದನು. 1941ರಲ್ಲಿ ಅಪಾಯವು ಸಮೀಪಿಸಲು, ಗರ್ಭಿಣಿಯಾದ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳುಹಿಸಿ ತಾನು ಉಳಿದನು. ಮೂರನೆಯ ಮಗಳ ಮುಖವನ್ನು ಅವನು ನೋಡಲೇ ಇಲ್ಲ. 1943ರಲ್ಲಿ ಜಪಾನೀಯರು ಅವನನ್ನು ವೇಯ್‌ಶಿಯೆನ್ ಎಂಬಲ್ಲಿನ ಸೆರೆಶಿಬಿರದಲ್ಲಿಟ್ಟರು. ಹಿಂದೆ ಮಿಷನ್ನಿನ ಆವರಣವಾಗಿದ್ದ ಆ ಇಕ್ಕಟ್ಟಿನ ಜಾಗದಲ್ಲಿ ಸುಮಾರು 1,500 ಮಂದಿ. ಅವರಲ್ಲಿ ತಂದೆತಾಯಿಗಳಿಂದ ಅಗಲಿದ ಶಾಲೆಯ ಮಕ್ಕಳು ಅನೇಕರು. ಅವರಿಗೆಲ್ಲ ಲಿಡೆಲನು 'ಎರಿಕ್ ಮಾಮ'ನಾದನು. ವಿಜ್ಞಾನದ ಪಾಠ ಹೇಳಿದನು, ಮುರಿದ ಹಾಕಿ ಕೋಲುಗಳಿಗೆ ಹರಿದ ಹಾಸುಬಟ್ಟೆಯ ಪಟ್ಟಿಗಳನ್ನು ಸುತ್ತಿ ಬಿಗಿದನು, ಆಟಗಳನ್ನು ಏರ್ಪಡಿಸಿದನು. ಆದಿತ್ಯವಾರ ಮಾತ್ರ ಆಟಕ್ಕೆ ನಿಲ್ಲುತ್ತಿರಲಿಲ್ಲ.

ಅಲ್ಲಿ ಬಾಲ್ಯವನ್ನು ಕಳೆದವರು ಮುಂದೆ ನೆನೆದು ಹೇಳಿದ ಪ್ರಸಂಗವೊಂದು ನನಗೆ ಪ್ಯಾರಿಸಿನ ಓಟಕ್ಕಿಂತಲೂ ಪ್ರಿಯವಾದುದು. ಗೋಡೆಗಳ ನಡುವೆ ಬೇಸತ್ತ ಹರೆಯದ ಹುಡುಗ ಹುಡುಗಿಯರು, ಹಿರಿಯರ ಮಾತನ್ನು ಮೀರಿ, ಒಂದು ಆದಿತ್ಯವಾರ ತಾವೇ ಹಾಕಿ ಪಂದ್ಯವನ್ನು ಹೂಡಿದರು. ತೀರ್ಪುಗಾರನಿಲ್ಲದ ಆ ಆಟವು ಜಗಳವಾಗಿ, ಕೈಕೈ ಮಿಲಾಯಿಸುವಲ್ಲಿ ಮುಗಿಯಿತು. ಲಿಡೆಲನು ಗದರಿಸಲೂ ಇಲ್ಲ, ನಾನು ಮೊದಲೇ ಹೇಳಲಿಲ್ಲವೆ ಎಂದು ಕುಟುಕಲೂ ಇಲ್ಲ. ಮರುವಾರ, ಆದಿತ್ಯವಾರವೇ, ಮೈದಾನಕ್ಕಿಳಿದು ಅವರ ಆಟಕ್ಕೆ ತೀರ್ಪುಗಾರನಾಗಿ ನಿಂತನು. ಒಲಿಂಪಿಕ್ಸಿನ ಚಿನ್ನಕ್ಕಾಗಿ ಮುರಿಯದ ವ್ರತವನ್ನು ಮಕ್ಕಳು ಹೊಡೆದಾಡದಿರಲೆಂದು ಬದಿಗಿರಿಸಿದನು. ಇದನ್ನು ಶೈಥಿಲ್ಯವೆನ್ನುವವರು ಎನ್ನಲಿ. ಕಟ್ಟಳೆಯನ್ನು ತನಗೆಂದು ವಿಧಿಸಿಕೊಂಡವನಿಗೆ ಮಾತ್ರ, ಅದನ್ನು ಪರರಿಗಾಗಿ ಸಡಲಿಸುವ ಅಧಿಕಾರವೂ ಇರುವುದು.

1945ರ ಫೆಬ್ರವರಿ 21ರಂದು, ಶಿಬಿರವು ಬಿಡುಗಡೆಯಾಗುವುದಕ್ಕೆ ಆರು ತಿಂಗಳಿಗೂ ಕಡಿಮೆಯಿರುವಾಗ, ಮಿದುಳಿನ ಗೆಡ್ಡೆಯಿಂದ ಅವನು ತೀರಿಕೊಂಡನು. 1991ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದವರು ಸ್ಕಾಟ್ಲೆಂಡಿನ ಮಲ್ ದ್ವೀಪದ ಗ್ರಾನೈಟಿನಲ್ಲಿ ಮಾಡಿಸಿದ ಸ್ಮಾರಕವೊಂದನ್ನು ಆ ಶಿಬಿರವಿದ್ದ ಸ್ಥಳದಲ್ಲಿ ನಿಲ್ಲಿಸಿದರು.

ಆದಿತ್ಯವಾರವನ್ನು ಹೀಗೆ ಮೀಸಲಿಡುವವರು ಕನ್ನಡಿಗರಲ್ಲಿಯೂ ಉಂಟು. ಮಂಗಳೂರಿನ ಶಾಂತಿ ಕೆಥೆಡ್ರಲಿನಲ್ಲಿಯೂ ಬೆಂಗಳೂರಿನ ಹಡ್ಸನ್ ಸ್ಮಾರಕ ಚರ್ಚಿನಲ್ಲಿಯೂ ಆದಿತ್ಯವಾರದ ಆರಾಧನೆ ಕನ್ನಡದಲ್ಲಿ ನಡೆಯುತ್ತದೆ; ಕೀರ್ತನೆ, ಪ್ರಾರ್ಥನೆ, ಪ್ರಸಂಗ ಎಲ್ಲವೂ ನಿಮ್ಮ ಮನೆಯ ಮಾತಿನಲ್ಲಿಯೇ. ಅಂತಹ ಸಭೆಗಳಲ್ಲಿ ಬೆಳೆದವರು ಪರದೇಶಕ್ಕೆ ಬಂದ ಮೇಲೆಯೂ ಆ ದಿನದ ಬೆಳಗನ್ನು ಆರಾಧನೆಗೆಂದೇ ಎತ್ತಿಡುತ್ತಾರೆ, ಮತ್ತು ಅವರ ಮಕ್ಕಳು ನಿಮ್ಮ ಜೊತೆಯಲ್ಲಿಯೇ ಕನ್ನಡ ಓದುತ್ತಿದ್ದಾರೆ. ಆದಿತ್ಯವಾರದ ಬೆಳಗ್ಗೆ ಅವರು ಪಂದ್ಯಕ್ಕೆ ಬಾರದಿದ್ದರೆ ಅದು ಸೋಮಾರಿತನವಲ್ಲವೆಂಬುದು ಈಗ ನಿಮಗೆ ತಿಳಿದಿದೆ. ಉಳಿದ ಮಾತು ಹಿರಿಯರಿಗೆ: ನಮ್ಮ ಕನ್ನಡ ಕೂಟದ ಕ್ರೀಡಾಕೂಟವು ವಾಡಿಕೆಯಂತೆ ಆದಿತ್ಯವಾರವೇ ಬರುವುದಾದರೆ, ಓಟದ ಸ್ಪರ್ಧೆಗಳನ್ನು ಮಧ್ಯಾಹ್ನದ ಊಟದ ಅನಂತರಕ್ಕೆ ಇಡಬೇಕೆಂದು ಕಾರ್ಯಕಾರಿ ಸಮಿತಿಯವರಲ್ಲಿ ಬಿನ್ನವಿಸಿಕೊಳ್ಳುತ್ತೇನೆ.